ದಳವಾಯಿಯ ಬೆರಳು

ತಾಮ್ರದ ತಗಡಿನ ಮೇಲೆ ಮೀಸೆ ಕೊರೆಯಬಲ್ಲವರು ಈ ಭೂಮಂಡಲದಲ್ಲಿ ಮೂರೇ ಜನ. ಒಬ್ಬ ಸತ್ತ, ಇನ್ನೊಬ್ಬ ಇನ್ನೂ ಹುಟ್ಟಿಲ್ಲ, ಮೂರನೆಯವನು ನಾನು, ಚಿತ್ತಾರಿ ಫಕೀರಪ್ಪ. ನಶ್ಯದ ಡಬ್ಬಿಗೆ ನಾನು ಮಾಡಿಕೊಟ್ಟ ಚೀಟಿಯನ್ನು ನೋಡಿಯೇ ಜನ ಸೀನುತ್ತಿದ್ದರು. ಡಬ್ಬಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಬೆಲ್ಲದ ಪೆಂಟೆಗೆ ಅಂಟಿಸಲು ಕಬ್ಬಿನ ಚಿತ್ರ ಕೊರೆದುಕೊಟ್ಟರೆ ಎತ್ತುಗಳು ಗಾಣ ಬಿಟ್ಟು ಬಂದು ಚೀಟಿಯನ್ನು ಮೇಯ್ದವು. ಇಂಥ ಕೈಯಿಂದ ತಪ್ಪಾಯಿತು ಎಂದರೆ ನೀವು ನಂಬುವುದಿಲ್ಲ. ನಮ್ಮೂರಿನವರೂ ನಂಬಲಿಲ್ಲ. ಫಜೀತಿಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ನಮ್ಮೂರು ಒಂದೇ ಬೀದಿಯ ಊರು. ಆ ಬೀದಿ ಬಳೆಯ ಹಾಗೆ ದುಂಡಗೆ ಸುತ್ತಿ ಬಂದು ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿದೆ. ನಡುವೆ ಬಯಲು, ಬಯಲಿನ ನಡುವೆ ಚಾವಡಿ. ಬೀದಿಗೆ ಏಳುನೂರ ಇಪ್ಪತ್ತು ಮನೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಏಳುನೂರ ಇಪ್ಪತ್ತು ಸಂಸಾರಗಳೂ ಗಂಟುಮೂಟೆ ಹೊತ್ತು ಪಕ್ಕದ ಮನೆಗೆ ಹೋಗುತ್ತವೆ. ಯಾವ ಪಕ್ಕ ಎನ್ನುವುದನ್ನು ಹೇಳುವವನು ದಳವಾಯಿ. ಚಾವಡಿಯ ಗೋಡೆಯಲ್ಲಿ, ಆನೆಗೆ ಹೊದಿಸುವಷ್ಟು ದೊಡ್ಡ ಬಟ್ಟೆಯ ಮೇಲೆ, ಅವನು ಕಪ್ಪು ಕುದುರೆ ಹತ್ತಿ ಬಲಕ್ಕೆ ತಿರುಗಿ ಬಲಗೈ ಮುಂದೆ ಚಾಚಿ ಬೆರಳು ತೋರಿಸುತ್ತ ಕೂತಿದ್ದ. ಬಣ್ಣದಲ್ಲಿ ಬರೆದ ಆ ಚಿತ್ರದ ಕೀರ್ತಿ ಸಣ್ಣದಲ್ಲ. ಅದನ್ನು ನೋಡಲೆಂದೇ ಹದಿನಾಲ್ಕು ಸೀಮೆಯ ಅರಸರು ಬಂದುಹೋಗಿದ್ದರು ಎಂದು ಹಿರಿಯರು ಹೇಳುತ್ತಾರೆ. ಹಿರಿಯರಿಗೆ ಎಣಿಕೆ ಬರುವುದಿಲ್ಲ, ಹದಿನೆಂಟು.

ಅಮಾವಾಸ್ಯೆಯ ಬೆಳಿಗ್ಗೆ ಕುಲಕರ್ಣಿ ಶ್ಯಾಮರಾಯರು ಚಿತ್ರದ ಮುಂದೆ ನಿಂತು, ಯಾರಿಗೂ ಗೊತ್ತಿಲ್ಲದ ಗುಟ್ಟನ್ನು ಓದುವವರ ಹಾಗೆ ಕನ್ನಡಕ ಒರೆಸಿಕೊಂಡು ನೋಡಿ, "ಬಲಕ್ಕ!" ಎಂದು ಕೂಗುವರು. ಅವರವರ ಬಾಗಿಲಿಗೆ ಮುಖ ಮಾಡಿ ನಿಂತ ಜನ ಬಲಗಡೆಯ ಮನೆಗೆ ಸರಿಯುವರು. ನನ್ನ ಅಜ್ಜನ ಅಜ್ಜನ ಕಾಲದಿಂದಲೂ ಬಲಕ್ಕೇ. ಆದರೂ ಪ್ರತಿ ಸಲ ನೋಡಲೇಬೇಕು. ದಳ ನಡೆಸುವವನು ಇವತ್ತು ಮುಂದೆ ಅಂದವನು ನಾಳೆ ಹಿಂದೆ ಅನ್ನಬಹುದು.

ಹೀಗೆ ಬದುಕುವವರ ಕಾಲಲ್ಲಿ ಚಕ್ರ ಇರುತ್ತದೆ. ನಮ್ಮೂರಿನ ಹೆಂಗಸರು ನಿಂತೇ ಉಣ್ಣುತ್ತಾರೆ, ಗಂಡಸರು ಚಪ್ಪಲಿ ಮೆಟ್ಟಿಕೊಂಡೇ ಮಲಗುತ್ತಾರೆ. ತುಳಸಿಗೆ ಕಟ್ಟೆಯಿಲ್ಲ, ಡಬ್ಬಿಯಿದೆ; ಡಬ್ಬಿಗೆ ಎತ್ತಲು ಹಗ್ಗದ ಕಿವಿಗಳಿವೆ. ಹುಣ್ಣಿಮೆ ದಾಟಿತೆಂದರೆ ಯಾರ ಮಾತಿನಲ್ಲೂ ಯಾರಿಗೂ ಮನಸ್ಸಿಲ್ಲ, ಕಣ್ಣೆಲ್ಲ ಗಂಟಿನ ಮೇಲೆ. ವಯಸ್ಸನ್ನು ನಾವು ವರ್ಷದಲ್ಲಿ ಎಣಿಸುವುದಿಲ್ಲ, ಮನೆಯಲ್ಲಿ ಎಣಿಸುತ್ತೇವೆ. "ನಮ್ಮ ಹುಡುಗಿ ಇನ್ನೂರೈವತ್ತು ಮನಿ ಕಂಡಾಳ, ಎಲ್ಲೆರ ವರ ಇದ್ದರ ಹೇಳ್ರಿ" ಎನ್ನುತ್ತಾರೆ. ತಿಂಗಳಿಗೊಂದರಂತೆ ಬೀದಿಯ ಸುತ್ತು ಮುಗಿಯಲು ಸರಿಯಾಗಿ ಅರವತ್ತು ವರ್ಷ. ಅರವತ್ತು ತುಂಬಿದ ತಿಂಗಳು ಮನುಷ್ಯ ತಾನು ಹುಟ್ಟಿದ ಮನೆಗೆ ಬಂದು ಸೇರುತ್ತಾನೆ. ಬೇರೆಯವರಿದ್ದಾಗ ಅಲ್ಲಿಗೆ ನೆಂಟನಂತೆ ಹೋಗಿ ಚಹಾ ಕುಡಿದು ಬರಬಹುದು, ಆದರೆ ಅಲ್ಲಿ ತನ್ನ ಒಲೆ ಹಚ್ಚುವುದು ಆ ಒಂದೇ ತಿಂಗಳು. ಅದಕ್ಕಿಂತ ದೊಡ್ಡ ಶಾಂತಿ ನಮ್ಮಲ್ಲಿ ಇನ್ನೊಂದಿಲ್ಲ.

ಊರೆಲ್ಲ ಒಟ್ಟಿಗೆ ಸರಿಯುವುದರಿಂದ ಮನೆ ಬದಲಾದರೂ ನೆರೆಹೊರೆ ಬದಲಾಗುವುದಿಲ್ಲ. ನಾನು ಹುಟ್ಟಿದಾಗಿನಿಂದ ನನ್ನ ಬಲಗಡೆ ಬಡಿಗೇರ ಮೌನಪ್ಪ ಮಾವ. ಹೆಸರು ಮೌನಪ್ಪ, ಬಾಯಿ ತೆರೆದರೆ ಕೆರೆಯ ಕಪ್ಪೆಗಳು ನಾಚಿ ಸುಮ್ಮನಾಗುತ್ತಿದ್ದವು. ಅವನು ಬಿಟ್ಟ ಮನೆಗೆ ನಾನು ಹೋಗಬೇಕು. ಅವನು ಗೋಡೆಗೆ ಉಗುಳಿಟ್ಟ ಎಲೆಯಡಿಕೆಯ ಕಲೆಯನ್ನು ನಾನು ಈವರೆಗೆ ತೊಳೆದ ನೀರು ಒಟ್ಟಾಗಿದ್ದರೆ ಒಂದು ನದಿಯೇ ಹರಿದು, ಅದಕ್ಕೊಂದು ಸೇತುವೆಯೂ ಬೇಕಾಗುತ್ತಿತ್ತು. ಈ ಕಥೆ ನಡೆದ ತಿಂಗಳು ಅವನು ಹುಟ್ಟಿದ ಮನೆಗೆ ಇನ್ನೆರಡೇ ಅಮಾವಾಸ್ಯೆ ಉಳಿದಿತ್ತು.

"ಫಕೀರಾ, ಆ ಮನಿ ಬಾಗಲದ ಮ್ಯಾಲ ನಮ್ಮಪ್ಪ ಕೆತ್ತಿದ ಗಿಳಿ ಐತಿ. ಅರವತ್ತ ವರ್ಷದಿಂದ ನನ್ನ ದಾರಿ ಕಾಯಾಕತ್ತೈತಿ" ಎನ್ನುತ್ತಿದ್ದ, ದಿನಕ್ಕೆ ನೂರು ಸಲ.

"ಇಷ್ಟೊತ್ತಿಗೆ ಅದು ಹಾರಿ ಹೋಗಿರ್ತೈತಿ ಬಿಡು ಮಾವ."

"ನಮ್ಮಪ್ಪ ಕೆತ್ತಿದ್ದು ಹಾರೂದಿಲ್ಲೋ ಮಗನ. ಹಾರೂದು ನಿನ್ನ ಮಾತು."

ನನ್ನ ಹೆಂಡತಿ ಹೊನ್ನವ್ವನ ವಿಷಯ ಹೇಳಬೇಕು. ಕೊರೆದ ತಗಡನ್ನು ಆಸಿಡ್ಡಿನ ತಟ್ಟೆಯಲ್ಲಿ ಮುಳುಗಿಸಿದಾಗ ಗೆರೆಗಳ ಮೇಲೆ ಗುಳ್ಳೆ ಏಳುತ್ತವೆ. ಅವುಗಳನ್ನು ಕೋಳಿಗರಿಯಿಂದ ಸವರುತ್ತಲೇ ಇರಬೇಕು, ಇಲ್ಲದಿದ್ದರೆ ಗೆರೆ ಮುಕ್ಕಾಗುತ್ತದೆ. ಕೊರೆಯುವವನು ನಾನು, ಗರಿ ಹಿಡಿದು ತಟ್ಟೆಯ ಮೇಲೆ ಬಗ್ಗಿ ನಿಲ್ಲುವವಳು ಅವಳು. ಹೊಗೆ ಏಳುತ್ತಿತ್ತು. ಇಪ್ಪತ್ತು ವರ್ಷ ನಿಂತಳು. ಹದಿನಾಲ್ಕು ಮನೆಯ ಹಿಂದೆ ಅವಳ ಕಣ್ಣು ಪೂರ್ತಿ ಹೋಯಿತು. ಈ ಮಾತಿಗೆ ನಾನು ಏನನ್ನೂ ಸೇರಿಸಿಲ್ಲ.

ಕಣ್ಣು ಹೋದವರಿಗೆ ಒಂದೇ ಮನೆಯಿದ್ದರೆ ಆರು ತಿಂಗಳಲ್ಲಿ ಗೋಡೆಗಳು ಅಕ್ಕತಂಗಿಯರಾಗುತ್ತವೆ. ಹೊನ್ನವ್ವನಿಗೆ ಸಿಗುತ್ತಿದ್ದುದು ಮೂವತ್ತು ದಿನ. ಒಲೆಗೆ ಎಷ್ಟು ಹೆಜ್ಜೆ, ಬಾವಿಗೆ ಎಷ್ಟು, ಯಾವ ಬಾಗಿಲಲ್ಲಿ ತಲೆ ಬಗ್ಗಿಸಬೇಕು, ಎಲ್ಲಿ ನೆಲ ತಗ್ಗು, ಎಲ್ಲವನ್ನೂ ಎಣಿಸಿ ಎಣಿಸಿ ಬಾಯಿಪಾಠ ಮಾಡಿ ಮುಗಿಸುವಷ್ಟರಲ್ಲಿ ಅಮಾವಾಸ್ಯೆ. ಮತ್ತೆ ಹೊಸ ಮನೆ, ಮತ್ತೆ ಒಂದರಿಂದ ಶುರು. ಮೊಣಕಾಲಿನ ಹಳೆಯ ಗಾಯ ಒಣಗುವ ಮೊದಲೇ ಹೊಸದು. ಆದರೂ ಅತ್ತವಳಲ್ಲ. "ಈ ಮನಿ ಹೊಸ್ತಿಲಾ ಸೊಕ್ಕಿಂದೈತ್ರಿ, ಎದ್ದು ಬಂದು ಒದಿತೈತಿ" ಎಂದು ನಗುತ್ತಿದ್ದಳು.

ಹೀಗಿರುವಾಗ ಚಾವಡಿಯ ಚಿತ್ರಕ್ಕೆ ಮುಪ್ಪು ಬಂತು. ಕುದುರೆಯ ಹೊಟ್ಟೆಗೆ ಬೂಸಲು ಹಿಡಿಯಿತು, ಬಣ್ಣ ಹಪ್ಪಳದಂತೆ ಎದ್ದು ಉದುರತೊಡಗಿತು. ಕುಲಕರ್ಣಿಯವರು ನನ್ನನ್ನು ಕರೆಸಿದರು.

"ಫಕೀರಪ್ಪ, ಇನ್ನ ದಳವಾಯಿ ಭಾಳ ದಿವಸ ತಡಿಯೂ ಹಂಗ ಇಲ್ಲ. ಇದರ ತದ್ರೂಪ ತಗಡಿನ ಮ್ಯಾಲ ಕೊರದು, ಏಳುನೂರ ಇಪ್ಪತ್ತು ಅಚ್ಚು ತಗದುಕೊಡು. ಮನಿಗೊಂದು ಬಾಗಲದ ಮ್ಯಾಲ ಹಾಕಿಬಿಡೋಣ. ಎಷ್ಟ ದಿವಸ ಬೇಕು?"

"ಬ್ಯಾರೆಯವರಿಗೆ ಮೂರು ವರ್ಷ ಬೇಕು ರಾಯರ. ನನಗ ಇಪ್ಪತ್ತ ದಿನ ಸಾಕು."

"ತಪ್ಪಾಗಬಾರದಪ್ಪಾ. ಊರಿನ ದಾರಿ ಅದ ಅದು."

"ಈ ಕೈಯಿಂದ ತಪ್ಪಾ?" ಎಂದು ನಾನು ನಕ್ಕ ನಗೆಗೆ ಚಾವಡಿಯ ಪಾರಿವಾಳಗಳು ಎದ್ದು ಹೋದವು, ಕೆಲವು ಇನ್ನೂ ವಾಪಸು ಬಂದಿಲ್ಲ. ನನ್ನ ಕೈಗೆ ದೃಷ್ಟಿ ತಾಗಬಾರದೆಂದು ಚಿತ್ರದ ಮುಂದೆ ಪರದೆ ಕಟ್ಟಿಸಿದೆ. ಕೆಲಸ ಮುಗಿಯುವವರೆಗೆ ಅದರೊಳಗೆ ನಾನು, ದಳವಾಯಿ, ಕುದುರೆ, ಮೂವರೇ.

ಇಲ್ಲೊಂದು ಸಂಗತಿ ತಿಳಿದಿರಬೇಕು. ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು. ತಗಡಿನ ಮೇಲೆ ಬಲಕ್ಕಿದ್ದದ್ದು ಕಾಗದದ ಮೇಲೆ ಎಡಕ್ಕೆ ಬರುತ್ತದೆ. ಅದಕ್ಕೇ ನಮ್ಮ ಕಸುಬಿನವರು ಎದುರಿಗೆ ಕನ್ನಡಿ ಇಟ್ಟುಕೊಂಡು, ಮೂಲ ಚಿತ್ರಕ್ಕೆ ಬೆನ್ನು ಹಾಕಿ ಕೂತು, ಕನ್ನಡಿಯಲ್ಲಿ ಕಂಡದ್ದನ್ನು ಕೊರೆಯುತ್ತೇವೆ. ಅಂಬೆಗಾಲಿಡುವ ಮೊದಲೇ ನನಗೆ ಇದು ಗೊತ್ತಿತ್ತು.

ಮೊದಲ ದಿನ ತಗಡಿಗೆ ಮೇಣ ಬಳಿದು, ಸೂಜಿ ಮಸೆದು ಕೂರುತ್ತಿದ್ದಂತೆ ಮೌನಪ್ಪ ಮಾವ ಓಡಿ ಬಂದ. "ಫಕೀರಾ, ಹೊನ್ನವ್ವ ಬಿದ್ದಾಳ!" ನಾವು ಆ ಮನೆಗೆ ಹೋಗಿ ಎರಡು ದಿನವಾಗಿತ್ತಷ್ಟೇ. ಹಿತ್ತಲಿಗೆ ಇಳಿಯಲು ಮೂರು ಮೆಟ್ಟಿಲು. ಅವಳು ಎರಡು ಎಣಿಸಿದ್ದಳು. ಹಣೆ ಒಡೆದು ನೆಲವೆಲ್ಲ ರಕ್ತ. ನಾಟಿ ಔಷಧಿ ಕಟ್ಟಿಸಿ, ಎರಡು ದಿನ ಅವಳ ಬಳಿ ಕೂತೆ. ಮೂರನೆಯ ದಿನ ಚಾವಡಿಗೆ ಮರಳಿದಾಗ ನನ್ನ ಕಣ್ಣ ಮುಂದೆ ಬರೀ ಆ ಮೂರನೆಯ ಮೆಟ್ಟಿಲು. ಕನ್ನಡಿ ಇನ್ನೂ ಮನೆಯಲ್ಲಿ, ಬಿಚ್ಚದ ಗಂಟಿನಲ್ಲೇ ಇತ್ತು. ನಾನು ಹೋದವನೇ ದಳವಾಯಿಗೆ ಮುಖಾಮುಖಿ ಕೂತು ಕೊರೆಯತೊಡಗಿದೆ. ಆಮೇಲೆ ದಿನವೂ ಕೊರೆಯುತ್ತ, ತಗಡನ್ನೂ ಚಿತ್ರವನ್ನೂ ಹೋಲಿಸಿ ನೋಡುತ್ತ, ಗೆರೆಗೆ ಗೆರೆ ಎಷ್ಟು ಹೊಂದುತ್ತಿದೆಯೆಂದು ಬೀಗಿದೆ. ಹೊಂದಲೇಬಾರದು ಎಂಬುದು ಹೊಳೆಯಲಿಲ್ಲ. ಚೀಟಿ ಬರೆದು ಪಳಗಿದ ಕೈಯಾದ್ದರಿಂದ ಕೆಳಗಿನ ‘ಶ್ರೀ ದಳವಾಯಿ’ ಎಂಬ ಅಕ್ಷರಗಳನ್ನು ಮಾತ್ರ ಅದು ತಾನಾಗಿ ತಿರುವಿಯೇ ಕೊರೆಯಿತು.

ಹದಿನೆಂಟನೆಯ ದಿನ ತಗಡನ್ನು ಮನೆಗೆ ತಂದು ಆಸಿಡ್ಡಿಗೆ ಹಾಕಿದೆ. ಹೊನ್ನವ್ವನನ್ನು ಹೊರಗೆ ಕೂರಿಸಿ ಗರಿ ನಾನೇ ಹಿಡಿದೆ. ತೊಳೆದು, ಮೇಣ ತೆಗೆದು ಅವಳ ಮಡಿಲಿಗಿಟ್ಟೆ. ಕಣ್ಣು ಹೋದ ಮೇಲೆ ಗೆರೆಯ ಆಳ ಪರೀಕ್ಷಿಸುವ ಕೆಲಸ ಅವಳದು. ಬೆರಳ ತುದಿಯಲ್ಲಿ ಸವರಿ, ಎಲ್ಲಿ ಸಾಲದು, ಎಲ್ಲಿ ಹೆಚ್ಚಾಯಿತು ಎಂದು ಹೇಳುತ್ತಾಳೆ. ಮೀಸೆ ಸವರಿದಳು. "ಚಲೋ ಐತಿ, ಚುಚ್ಚತೈತಿ" ಎಂದಳು. ಕುದುರೆಯ ಕಿವಿ ಸವರಿದಳು. ತೋಳಿನ ಮೇಲೆ ಬೆರಳು ಓಡಿಸುತ್ತ ತುದಿಯವರೆಗೆ ಹೋಗಿ ನಿಂತಳು. ಮತ್ತೆ ಹಿಂದಕ್ಕೆ ಬಂದಳು. ಮತ್ತೆ ಹೋದಳು. ಆಮೇಲೆ ನಕ್ಕಳು.

"ಏನ್ರಿ, ಕನ್ನಡಿ ಇಟ್ಟಿದ್ದಿರೇನು?"

ತಗಡನ್ನು ನೋಡಿದೆ. ಈ ತಗಡಿನಿಂದ ಬರುವ ದಳವಾಯಿ ಎಡಕ್ಕೆ ತಿರುಗಿ ಎಡಗೈಯಿಂದ ಬೆರಳು ತೋರಿಸುವ ಎಡಚನಾಗಿರುತ್ತಾನೆ.

"ಅಳಿಸಿ ಮತ್ತ ಕೊರೀರಿ. ಹತ್ತ ದಿನ ಐತೆಲ್ಲ ಅಮಾಸಿಗೆ" ಎಂದಳು.

ನಾನು ಅವಳ ಹಣೆಯ ಮೇಲಿನ ಗಾಯ ನೋಡುತ್ತಿದ್ದೆ. ನೋಡುತ್ತ ನೋಡುತ್ತ ತಲೆಯಲ್ಲಿ ಬೇರೊಂದು ಬಾಗಿಲು ತೆರೆಯಿತು. "ಹೊನ್ನೀ," ಎಂದೆ, "ಊರು ಎಡಕ್ಕ ತಿರುಗಿದರ ನಾವು ಯಾವ ಮನಿಗೆ ಹೋಗ್ತೀವಿ?"

"ಬಿಟ್ಟ ಬಂದ ಮನಿಗೆ."

"ಆ ಮನಿ ನಿನಗ ಗೊತ್ತೈತಿ. ಅದರ ಹಿಂದಿಂದೂ ಗೊತ್ತೈತಿ. ಹದಿನಾಕ ಮನಿ ನೀ ಎಣಿಸಿಟ್ಟಿ, ಒಂದ ಮೆಟ್ಟಲಾ ತಪ್ಪೂದಿಲ್ಲ. ಅದರ ಹಿಂದಿನವು ನೀ ಕಣ್ಣಿಂದ ನೋಡಿದ ಮನಿ. ಮಧ್ಯಾಹ್ನ ಒಲಿಮುಂದ ಬಿಸಲಿನ ಚೌಕ ಬೀಳತಿತ್ತಲ್ಲ, ಅದೂ ಬರ್ತೈತಿ. ಇನ್ನ ಮ್ಯಾಲ ನಿನಗ ಹೊಸ ಮನಿ ಅಂಬೂದ ಇರೂದಿಲ್ಲ."

ಅವಳ ಬೆರಳು ತಗಡಿನ ಮೇಲೆ ಹಾಗೆಯೇ ನಿಂತಿತ್ತು. "ನನ್ನೊಬ್ಬಾಕಿ ಸಲುವಾಗಿ ಊರ ತಿರುಗಸ್ತೀರೇನು? ಮೌನಪ್ಪ ಮಾವಂದ ಏನ ಮಾಡ್ತೀರಿ? ಎರಡ ಮನಿ ಉಳದಾವ ಅವಂಗ."

"ಮಾವಂಗ ಕಣ್ಣದಾವ. ಎಲ್ಲಿದ್ದರೂ ಬದಕ್ತಾನ."

ಅವಳು ಉತ್ತರಿಸಲಿಲ್ಲ. ಮೌನವನ್ನು ನಾನು ಒಪ್ಪಿಗೆ ಎಂದು ಓದಿಕೊಂಡೆ. ಓದಲು ಬಾರದವನು ಎಲ್ಲವನ್ನೂ ತನಗೆ ಬೇಕಾದಂತೆಯೇ ಓದುತ್ತಾನೆ.

ಮೊದಲ ಅಚ್ಚನ್ನು ನೋಡಿ ಕುಲಕರ್ಣಿಯವರು ಮೈಮರೆತರು. ಮೀಸೆ ಹೊಗಳಿದರು, ಕುದುರೆಯ ಬಾಲ ಹೊಗಳಿದರು, ಅಕ್ಷರದಲ್ಲಿ ಒತ್ತು, ದೀರ್ಘ ಸರಿಯಾಗಿವೆಯೇ ಎಂದು ಅರ್ಧ ಗಂಟೆ ಪರೀಕ್ಷಿಸಿದರು. ಕೈ ಯಾವುದೆಂದು ಗಮನಿಸಲಿಲ್ಲ. ಅದೇ ದಿನ ಹಳೆಯ ಚಿತ್ರವನ್ನು ಪರದೆಯ ಸಮೇತ ಗೋಡೆಯಿಂದ ಇಳಿಸಲು ಹೋದರೆ ಹಿಂಬದಿಯೆಲ್ಲ ಗೆದ್ದಲು. ಕೈ ತಾಗಿಸಿದ್ದೇ ತಡ, ದಳವಾಯಿ ಜೋಳದ ಹಿಟ್ಟಿನಂತೆ ಸುರಿದುಬಿಟ್ಟ. ಜನ ಆ ಪುಡಿಯನ್ನು ಹಣೆಗೆ ಹಚ್ಚಿಕೊಂಡರು. ನಾನು ದಿನಕ್ಕೆ ನೂರೈವತ್ತು ಅಚ್ಚು ತೆಗೆದೆ, ಯಂತ್ರದ ಉರುಳೆ ಕಾಯ್ದು ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ ಏಳುನೂರ ಇಪ್ಪತ್ತು ಬಾಗಿಲುಗಳ ಮೇಲೆ ಪಟ ಏರಿತು, ಮೊದಲ ಅಚ್ಚು ಚಾವಡಿಯ ಗೋಡೆಗೇರಿತು.

ಬೆಳಿಗ್ಗೆ ಜನ ಗಂಟು ಹೊತ್ತು ತಮ್ಮ ತಮ್ಮ ಬಾಗಿಲಿಗೆ ಮುಖ ಮಾಡಿ ನಿಂತು ತಲೆ ಎತ್ತಿದರು. ಕುಲಕರ್ಣಿಯವರು ಚಾವಡಿಯ ಪಟದ ಮುಂದೆ ಕನ್ನಡಕ ಒರೆಸಿಕೊಂಡು "ಬಲ..." ಎಂದವರು ಅಲ್ಲಿಗೇ ನಿಂತರು. ಇನ್ನೊಮ್ಮೆ ಒರೆಸಿಕೊಂಡರು. "ಎಡಕ್ಕ?"

ಆಮೇಲೆ ಎದ್ದ ಗದ್ದಲಕ್ಕೆ ಆಕಾಶದಲ್ಲಿ ಹೋಗುತ್ತಿದ್ದ ಮೋಡ ದಾರಿ ಬದಲಿಸಿತು. ಅರ್ಧ ಜನ ಬಲಕ್ಕೆ ಹೊರಟರು, ಅರ್ಧ ಜನ ಎಡಕ್ಕೆ. ಒಂದೇ ಬಾಗಿಲಲ್ಲಿ ಎರಡು ಸಂಸಾರ ಸಿಕ್ಕಿಕೊಂಡು, ಒಬ್ಬರ ತೊಟ್ಟಿಲಲ್ಲಿ ಇನ್ನೊಬ್ಬರ ಕುಂಬಳಕಾಯಿ. "ದಳವಾಯಿ ತಿರುಗ್ಯಾನ!" ಎಂದರು ಕೆಲವರು. "ಎಡಗೈಲೆ ತೋರಸೂದಂದ್ರೇನು, ಇದು ಅಪಶಕುನ" ಎಂದರು ಕೆಲವರು. ಮೌನಪ್ಪ ಮಾವ ಮಾತ್ರ ನನ್ನತ್ತ ಬೆರಳು ಮಾಡಿ, "ಯಾರೂ ತಿರುಗಿಲ್ಲ. ಈ ಬಾಯಿಬಡುಕನ ಕೈ ತಿರುಗೇತಿ!" ಎಂದು ಕಿರುಚಿದ.

ಎಲ್ಲರೂ ನನ್ನನ್ನು ಚಾವಡಿಯ ಕಟ್ಟೆಗೆ ಹತ್ತಿಸಿದರು. ಮೌನಪ್ಪ ಮಾವ ಒಂದು ಕಡೆ, ಹೊನ್ನವ್ವ ಇನ್ನೊಂದು ಕಡೆ ನಿಂತಿದ್ದರು. ಕುಲಕರ್ಣಿಯವರು ಕೇಳಿದರು: "ಖರೇ ಹೇಳು ಫಕೀರಪ್ಪ. ಪರದೆ ಒಳಗಿದ್ದಾಂವ ನೀ ಒಬ್ಬನ. ದಳವಾಯಿ ತಿರುಗಿದನೋ, ನಿನ್ನ ಕೈ ತಪ್ಪಿತೋ?"

ನಾನು ನನ್ನ ಜೀವಮಾನದ ಅತ್ಯುತ್ತಮ ಸುಳ್ಳನ್ನು ಹೇಳಿದೆ. ಹನ್ನೊಂದನೆಯ ದಿನ ಮಧ್ಯಾಹ್ನ ಬಟ್ಟೆಯೊಳಗಿನ ಕುದುರೆ ಕೆನೆಯಿತು ಎಂದೆ. ಅದರ ಬಾಯಿಯ ನೊರೆ ನನ್ನ ತೊಡೆಗೆ ಬಿತ್ತು ಎಂದೆ, ಪಂಚೆ ಎತ್ತಿ ಆಸಿಡ್ಡಿನ ಹಳೆಯ ಕಲೆ ತೋರಿಸಿದೆ. ದಳವಾಯಿ ಲಗಾಮನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಕುದುರೆಯನ್ನು ಗರ್ರನೆ ತಿರುಗಿಸಿ, "ಫಕೀರಪ್ಪಾ, ಸಾಕು ಮುಂದಕ ಹೋದದ್ದು" ಎಂದು ನನ್ನ ಹೆಸರು ಹಿಡಿದು ನುಡಿದ ಎಂದೆ. ಹೆಂಗಸರು ಕೈ ಮುಗಿದರು. "ಹೌದಲ್ಲ, ಫಕೀರಪ್ಪನ ಕೈ ತಪ್ಪಿದ್ದು ಯಾರು ಕೇಳೇವಿ?" ಎಂದ ಒಬ್ಬ. ನನ್ನ ಕೈ ತಪ್ಪಿತು ಎಂಬುದಕ್ಕಿಂತ ಚಿತ್ರದ ಕುದುರೆ ಕೆನೆಯಿತು ಎಂಬುದು ಅವರಿಗೆ ಸುಲಭವಾಗಿ ಗಂಟಲಿಳಿಯಿತು. ಅಷ್ಟು ಚೆನ್ನಾಗಿ ನಾನು ಅವರನ್ನು ಸಾಕಿದ್ದೆ.

"ಹಂಗಾದರ ಎಡಕ್ಕ" ಎಂದರು ಕುಲಕರ್ಣಿಯವರು.

ಮೌನಪ್ಪ ಮಾವ ಬಾಯಿ ತೆರೆದ, ಮುಚ್ಚಿದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ತನ್ನ ಹೆಸರಿಗೆ ತಕ್ಕವನಾದ. ಬಲ ಹೆಗಲ ಮೇಲಿದ್ದ ಗಂಟನ್ನು ಎಡ ಹೆಗಲಿಗೆ ಬದಲಿಸಿಕೊಂಡ. ಊರು ಎಡಕ್ಕೆ ಹೋದರೆ ಅವನು ಬರಬೇಕಾದದ್ದು ನಾವು ಬಿಡುವ ಮನೆಗೆ. ಹೊನ್ನವ್ವನ ಬಳಿ ಬಂದು ನಿಂತ.

"ಯವ್ವಾ ಹೊನ್ನವ್ವಾ," ಎಂದ, "ಆ ಹಿತ್ತಲಕ ಮೂರ ಮೆಟ್ಟಲಾ ಅದಾವಂತ ಹೋದ ಅಮಾಸಿಗೆ ಮನಿ ಬಿಡೂ ಮುಂದ ನಾ ಹೇಳಿ ಹೋಗಬೇಕಾಗಿತ್ತು. ಗಿಳಿ ಗುಂಗಿನಾಗ ಮರತೆ. ನೀ ಬಿದ್ದದ್ದು ನನ್ನಿಂದ. ಮನಸಿನಾಗ ಇಟಗೋಬ್ಯಾಡ."

ಇಷ್ಟು ಹೇಳಿ ಅವನು ತಿರುಗಿದ. ಹೊನ್ನವ್ವ ಕೈ ಚಾಚಿ ಗಾಳಿಯಲ್ಲಿ ತಡಕಿ ಅವನ ಗಂಟು ಹಿಡಿದುಕೊಂಡಳು.

"ನಿಂದರ ಮಾವ. ರಾಯರ, ಎಲ್ಲಾರೂ ನಿಂದರ್ರಿ. ಕುದುರಿ ಕೆನೀಲಿಲ್ಲ."

ಎತ್ತಿ ಹಿಡಿದಿದ್ದ ಪಂಚೆಯನ್ನು ನಾನು ಮೆಲ್ಲಗೆ ಬಿಟ್ಟೆ.

"ನಮ್ಮ ಮನಿಯವರು ಕನ್ನಡಿ ಇಡೂದ ಮರತಾರ. ತಗಡ ನಾ ಮುಟ್ಟಿ ನೋಡೇನಿ. ಗೊತ್ತಿದ್ದೂ ಸುಮ್ಮನ ಇದ್ದೆ, ಅದು ನಂದೂ ತಪ್ಪ."

"ಕಣ್ಣಿಲ್ಲದಾಕಿ ಮಾತ ಹ್ಯಾಂಗ ನಂಬೂದು?" ಎಂದು ಯಾರೋ ಕೂಗಿದರು.

"ಕಣ್ಣಿದ್ದ ನಾವು ಏನ ನೋಡಿದಿವಪಾ? ಆ ಪಟ ಮೊದಲ ನನ್ನ ಕೈಯಾಗ ಬಂದಿತ್ತು. ನಾ ಮೀಸಿ ನೋಡಿದೆ" ಎಂದರು ಕುಲಕರ್ಣಿಯವರು, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು. ಆಮೇಲೆ ನನ್ನ ಕಡೆ ತಿರುಗಿದರು. "ಏನಂತೀ?"

ಏಳುನೂರ ಇಪ್ಪತ್ತು ಸಂಸಾರಗಳ ಕಣ್ಣು ನನ್ನ ಮೇಲೆ. ನನ್ನ ನಾಲಿಗೆಯ ಮೇಲೆ ಹದಿನೆಂಟು ಹೊಸ ಸುಳ್ಳುಗಳು ಕುಣಿಯುತ್ತಿದ್ದವು, ಒಂದಕ್ಕಿಂತ ಒಂದು ಚೆಂದ. "ಹೌದು," ಎಂದೆ, "ತಪ್ಪೇತಿ." ಆ ಎರಡು ಮಾತಿಗೆ ಅಚ್ಚಿನ ಯಂತ್ರಕ್ಕಿಂತ ಭಾರವಿತ್ತು, ಅದನ್ನು ಎತ್ತಲು ಎಂಟಾಳು ಬೇಕು.

"ಹಂಗಾದರ ನೀನ ಹೇಳವಾ ಹೊನ್ನವ್ವ, ಯಾವ ಕಡೆ?" ಎಂದು ಕುಲಕರ್ಣಿಯವರು ಕೇಳಿದರು.

ಅವಳು ತಾನಿನ್ನೂ ಕಾಲಿಡದ ಮನೆಯ ಕಡೆ, ಎಷ್ಟು ಮೆಟ್ಟಿಲಿವೆಯೋ ಗೊತ್ತಿಲ್ಲದ ಆ ಕತ್ತಲೆಯ ಕಡೆ ಬಲಗೈ ಚಾಚಿ ಬೆರಳು ತೋರಿಸಿದಳು. ಊರು ಬಲಕ್ಕೆ ಸರಿಯಿತು.

ಪಟಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರು. ಹೊಸ ತಗಡು ಕೊರೆಯುವವರೆಗೆ ಹೊನ್ನವ್ವನ ಬೆರಳೇ ದಳವಾಯಿಯ ಬೆರಳು ಎಂದು ಚಾವಡಿಯಲ್ಲಿ ತೀರ್ಮಾನವಾಯಿತು. ನಾನೋ, ತಗಡನ್ನು ಗಂಟಿನಿಂದ ಹೊರಗೇ ತೆಗೆಯಲಿಲ್ಲ. ಇಂದು ನಾಳೆ ಎನ್ನುತ್ತ ದಿನ ತಳ್ಳಿದೆ. ಒಂದು ದಿನ ಅವಳಿಗೆ ಮೆಲ್ಲಗೆ ಹೇಳಿದೆ, "ಈಗ ಬೆರಳ ನಿಂದ. ನೀ ಎಡಕ್ಕ ಅಂದರ ಯಾಕ ಅಂತ ಯಾರೂ ಕೇಳೂದಿಲ್ಲ."

"ಹಿಂದಕ ಹೋದರ ಮನಿ ಬರ್ತಾವ. ಕಣ್ಣ ಬರ್ತಾವೇನ್ರಿ?" ಎಂದಳು. "ಆ ಬಿಸಲಿನ ಚೌಕ ನನಗ ನೆನಪೈತಿ. ಮತ್ತ ಅಲ್ಲೇ ಹೋಗಿ ನಿಂತು ಅದು ಕಾಣದಿದ್ದರ ನೆನಪಾರ ಉಳಿತೈತೇನು?" ಭೂಮಂಡಲದ ಮೂವರಲ್ಲಿ ಮೂರನೆಯವನು ಎದ್ದು ಹೋಗಿ ಬಾವಿಯಿಂದ ಅವಳಿಗೆ ನೀರು ಸೇದಿ ತಂದ.

ಎರಡನೆಯ ಅಮಾವಾಸ್ಯೆಗೆ ಅವಳು ಮತ್ತೆ ಬಲಕ್ಕೆ ತೋರಿಸಿದಳು. ಮೌನಪ್ಪ ಮಾವ ತನ್ನ ಹುಟ್ಟಿದ ಮನೆಯ ಹೊಸ್ತಿಲು ದಾಟಿದ. ಬಾಗಿಲ ಮೇಲಿನ ಗಿಳಿ ನಿಜಕ್ಕೂ ಇತ್ತು, ಕೊಕ್ಕು ಮಾತ್ರ ಸವೆದಿತ್ತು. ಒಲೆ ಹಚ್ಚುವಷ್ಟರಲ್ಲಿ ಅವನು ಆರು ಕಡ್ಡಿ ಹಾಳು ಮಾಡಿದ. ನಾವು ಅವನು ಬಿಟ್ಟ ಮನೆಗೆ ಹೋದೆವು. ಒಳಗೆ ಕಾಲಿಟ್ಟ ಹೊನ್ನವ್ವನ ಕೈಗೆ ಗೋಡೆಯ ಮೇಲೆ ಏನೋ ತಾಗಿತು. ಸೊಂಟದೆತ್ತರಕ್ಕೆ ನುಣ್ಣಗೆ ಹೆರೆದ ಮರದ ಪಟ್ಟಿ. ಬಾಗಿಲಿನಿಂದ ಒಲೆಗೆ, ಒಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಬಾವಿಯ ಕಟ್ಟೆಗೆ. ಮೆಟ್ಟಿಲಿದ್ದಲ್ಲೆಲ್ಲ ಎಷ್ಟೆಂದು ತಿಳಿಯಲು ಅಷ್ಟೇ ಗೀರುಗಳು. ಗೋಡೆಗೆ ಒಂದು ಉಗುಳಿನ ಕಲೆಯೂ ಇರಲಿಲ್ಲ.

"ಮಾವಾ, ನನ್ನ ಗಾಣದೆತ್ತ ಮಾಡಿಯೇನೋ?" ಎಂದು ಅವಳು ಗೋಡೆಯಾಚೆಗೆ ಕೂಗಿದಳು.

"ಸುಮ್ಮನ ಹಿಡಕೊಂಡ ನಡಿ! ಮುಂದಿನ ಅಮಾಸಿಗೆ ಈ ಮನ್ಯಾಗೂ ಪಟ್ಟಿ ಹೊಡದ ಹೋಗ್ತೇನಿ" ಎಂದು ಅತ್ತಲಿಂದ ಬೈಗುಳ ಬಂತು. ಹೊನ್ನವ್ವನ ನಗು ತಟ್ಟನೆ ನಿಂತಿತು. ಮುಂದಿನ ಅಮಾವಾಸ್ಯೆ ಎಂಬ ಮಾತು ಅವಳ ಮುಖದ ಮೇಲೆ ತಿಂಗಳಿಡೀ ಹಾಗೆಯೇ ಉಳಿಯಿತು. ಪಟ್ಟಿ ಹಿಡಿದು ಬಾವಿಗೆ ಹೋಗುವಳು, ಬರುವಳು, ನಡುವೆ ನಿಂತು ಗೋಡೆಯಾಚೆ ಮಾವ ಗಿಳಿಯ ಕೊಕ್ಕನ್ನು ಉಜ್ಜುತ್ತಿದ್ದ ಸದ್ದು ಕೇಳುವಳು.

ಮೂರನೆಯ ಅಮಾವಾಸ್ಯೆಯ ಬೆಳಿಗ್ಗೆ ಊರು ಎಂದಿನಂತೆ ಗಂಟು ಹೊತ್ತು ಚಡಪಡಿಸುತ್ತ ನಿಂತಿತು. ಮೌನಪ್ಪ ಮಾವನ ಗಂಟು ಎಲ್ಲರಿಗಿಂತ ಚಿಕ್ಕದಾಗಿತ್ತು, ಕಣ್ಣು ಎಲ್ಲರಿಗಿಂತ ಕೆಂಪಾಗಿತ್ತು. ಹೊನ್ನವ್ವನನ್ನು ಚಾವಡಿಯ ಕಟ್ಟೆಯ ಮೇಲೆ ನಿಲ್ಲಿಸಿದರು.

"ಯಾವ ಕಡೆ ಹೊನ್ನವ್ವ?" ಎಂದರು ಕುಲಕರ್ಣಿಯವರು.

ಅವಳು ಬಲಗೈ ಎತ್ತಿದಳು. ಜನ ಬಲಕ್ಕೆ ಅರ್ಧ ತಿರುಗಿಯಾಗಿತ್ತು. ಆ ಕೈ ನಿಧಾನವಾಗಿ ಇಳಿಯುತ್ತ ಬಂದು ತನ್ನ ಪಾದದ ಬಳಿಯ ನೆಲವನ್ನು ತೋರಿಸಿ ನಿಂತಿತು. ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು, ಕಸುಬು ಕಲಿತ ಕಣ್ಣು ನನ್ನದು: ಆ ಬೆರಳನ್ನು ಕನ್ನಡಿ ಇಟ್ಟು ಕೊರೆ, ಇಡದೆ ಕೊರೆ, ಅದು ಕೆಳಕ್ಕೇ ಬರುತ್ತದೆ.

"ಕೆಳಗ ಅಂದರ ಏನವಾ?" ಎಂದು ಕುಲಕರ್ಣಿಯವರು ತೊದಲಿದರು.

"ಕೆಳಗ ಅಂದರ ಕೆಳಗ. ಹೊತ್ತದ್ದು ಇಳಸ್ರಿ."

ಮೊದಲು ಮೌನಪ್ಪ ಮಾವ ಇಳಿಸಿದ, ಇಳಿಸಿ ಅದರ ಮೇಲೆಯೇ ಕುಸಿದು ಕೂತ. ಆಮೇಲೆ ಅವನಾಚೆಯವರು, ಅವರಾಚೆಯವರು. ತೊಟ್ಟಿಲು, ತುಳಸಿ, ಕೊಡ, ಕಂಬಳಿ, ಒಂದೊಂದಾಗಿ ನೆಲ ಮುಟ್ಟುವ ಸದ್ದು ಬೀದಿಯುದ್ದಕ್ಕೂ ಸುತ್ತಿ ಹೋಗಿ ಇನ್ನೊಂದು ಕಡೆಯಿಂದ ನಮ್ಮ ಬಳಿಗೇ ಬಂದು ನಿಂತಿತು. ನಾನೊಬ್ಬ ಇನ್ನೂ ಹೊತ್ತುಕೊಂಡೇ ನಿಂತಿದ್ದೆ.

ಹೊನ್ನವ್ವ ಆ ನಿಶ್ಶಬ್ದಕ್ಕೆ ಕಿವಿಗೊಟ್ಟು, ನನ್ನ ಉಸಿರಿನ ಕಡೆ ತಲೆ ತಿರುಗಿಸಿದಳು.

"ನೀವೂನ್ರಿ" ಎಂದಳು.

ಇಳಿಸಿದೆ.